ಹಿಟ್ಟಿನ ಡಬ್ಬಿಯ ಆಕಾಶವಾಣಿ

ಮುಂಬೈಯಲ್ಲಿ ಅತ್ತೆಯವರು ಕುವೈತಿನ ವಿಮಾನ ಬಿಟ್ಟು ಮಸ್ಕತ್ತಿನ ವಿಮಾನ ಹತ್ತಬಹುದಿತ್ತು. ಎಮಿಗ್ರೇಷನ್ ಅಧಿಕಾರಿ ಹಿಂದಿಯಲ್ಲಿ ಏನೋ ಕೇಳಿ, ಅತ್ತೆ ಗದಗಿನ ಕನ್ನಡದಲ್ಲಿ ಇನ್ನೇನೋ ಹೇಳಿ, ಇಬ್ಬರಿಗೂ ಸಿಟ್ಟು ಬಂದು ಅಲ್ಲಿಂದಲೇ ಅವರನ್ನು ಊರಿಗೆ ಕಳಿಸಬಹುದಿತ್ತು. ವೀಸಾದ ನಕಲನ್ನು ಭದ್ರವಾಗಿರಲಿ ಎಂದು ದೊಡ್ಡ ಸೂಟ್‌ಕೇಸಿನ ತಳದಲ್ಲಿ ಸೀರೆಗಳ ಕೆಳಗೆ ಇಟ್ಟು, ಆ ಸೂಟ್‌ಕೇಸನ್ನು ವಿಮಾನದ ಹೊಟ್ಟೆಗೆ ಕೊಟ್ಟಿರಬಹುದಿತ್ತು. ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡಿಗೆ ಗಸಗಸೆ ಹಾಕಿರಬಹುದಿತ್ತು. ನಮ್ಮಲ್ಲಿ ಪಾಯಸಕ್ಕೆ ಹಾಕುವ ಗಸಗಸೆ ಕೊಲ್ಲಿ ದೇಶಗಳಲ್ಲಿ ಅಫೀಮಿನ ಮಗಳು. ಅದನ್ನು ತಂದು ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದವರ ಕಥೆಗಳನ್ನು ನಾನು ಹುಡುಕಿ ಹುಡುಕಿ ಕೇಳಿದ್ದೆ. ವಿಮಾನದ ಊಟವನ್ನು ಯಾರು ಮುಟ್ಟಿದ್ದಾರೋ ಏನೋ ಎಂದು ಉಪವಾಸ ಕೂತು ತಲೆ ತಿರುಗಿ ಬೀಳಬಹುದಿತ್ತು. ಧೂಳೆದ್ದು ವಿಮಾನ ಇಳಿಯಲಾರದೆ ಬಹ್ರೇನಿಗೆ ಹೋಗಬಹುದಿತ್ತು. ಕನ್ನಡವೊಂದೇ ಬಲ್ಲ ಹೆಂಗಸು, ಒಬ್ಬರೇ, ಬಹ್ರೇನಿನಲ್ಲಿ. ವಿಮಾನ ಎಂದ ಮೇಲೆ ಬೀಳಲೂಬಹುದಿತ್ತು. ಅದನ್ನು ಮಾತ್ರ ನಾನು ಯಾರೆದುರೂ ಬಾಯಿಬಿಟ್ಟು ಹೇಳಿರಲಿಲ್ಲ.

ಇತ್ತ ಅದೇ ಹೊತ್ತಿಗೆ ಹೆಂಡತಿಗೆ ನೋವು ಶುರುವಾಗಬಹುದಿತ್ತು. ಆಗಲೇ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಡಬಹುದಿತ್ತು. ಅಡುಗೆಮನೆಯ ಕಿಟಕಿಯಿಂದ ನಾನು ಇಳಿಬಿಟ್ಟ ತಂತಿಯನ್ನು ಕೆಳಗಿನಿಂದ ಪೊಲೀಸರು ನೋಡಿ, ಮೇಲೆ ಬಂದು, ವಿಮಾನದವರ ಮಾತು ಹಿಡಿಯುವ ಯಂತ್ರವನ್ನು ಕಂಡು, ನೀನು ಯಾವ ದೇಶದ ಗೂಢಚಾರ ಎಂದು ಕೇಳಬಹುದಿತ್ತು. ನಾನು ಹೆದರಿ ಯಾವುದಾದರೂ ಒಂದು ದೇಶದ ಹೆಸರು ಹೇಳಿಬಿಡಬಹುದಿತ್ತು. ನನಗೆ ವೀಸಾ ಕೊಟ್ಟ ಕಫೀಲ್ ಕೈ ತೊಳೆದುಕೊಳ್ಳಬಹುದಿತ್ತು, ಇಲ್ಲಿರುವ ಪರವಾನಗಿಯಾದ ಇಕಾಮಾ ರದ್ದಾಗಬಹುದಿತ್ತು, ಅತ್ತೆ ಬಂದಿಳಿಯುವ ಬಾಗಿಲಿನ ಪಕ್ಕದ ಬಾಗಿಲಿನಿಂದ ನನ್ನನ್ನು ಊರಿನ ವಿಮಾನಕ್ಕೆ ಹತ್ತಿಸಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ಅದೂ ತೀರ ಸಣ್ಣದು, ಮತ್ತು ಅದೊಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಚಿಂತೆ ಮಾಡಿಯೂ ಆ ವಿದ್ಯೆಯಲ್ಲಿ ಇಷ್ಟು ಕಚ್ಚಾ ಉಳಿದವನು ನಾನೊಬ್ಬನೇ ಇರಬೇಕು.

ಚಿಂತೆ ನನಗೆ ಸ್ವಭಾವವೂ ಹೌದು, ಸಂಬಳದ ಕೆಲಸವೂ ಹೌದು. ಕುವೈತಿನ ಸಬ್ಹಾನಿನ ಒಂದು ಕಾರ್ಖಾನೆಯಲ್ಲಿ ದೊಡ್ಡ ಎಸಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ಹೊರಗೆ ನಿಂತರೆ ಚಪ್ಪಲಿಯ ತಳ ಮೆತ್ತಗಾಗುವ ಊರಿನಲ್ಲಿ ಎಸಿ ನಿಂತರೆ ಏನಾಗುತ್ತದೆ ಎಂದು ದಿನವಿಡೀ ಯೋಚಿಸುವುದಕ್ಕೇ ನನ್ನನ್ನು ಇಟ್ಟುಕೊಂಡಿದ್ದರು. ಯಂತ್ರದ ಮಗ್ಗುಲಲ್ಲಿ ನಿಂತು ಅದರ ಸದ್ದು ಕೇಳುವುದು, ಸದ್ದಿನಲ್ಲಿ ಒಂದು ಕೂದಲಿನಷ್ಟು ವ್ಯತ್ಯಾಸ ಬಂದರೂ ಬೆವರುವುದು. ಹಾಗಾಗಿ ಕಿವಿಯಿಂದ ಹೆದರುವ ಅಭ್ಯಾಸ ನನಗೆ ಮೊದಲೇ ಇತ್ತು. ರೇಡಿಯೋ ಆಮೇಲೆ ಬಂತು.

ಅದು ಸಿಕ್ಕಿದ್ದು ಶುಕ್ರವಾರದ ಸಂತೆಯಲ್ಲಿ. ನಾವಿದ್ದ ರಿಗ್ಗೈಯಿಂದ ಸಂತೆ ಹತ್ತಿರ. ಹಳೆಯ ಸೋಫಾ, ಪಂಜರದ ಪಾರಿವಾಳ, ಯಾರೋ ದೇಶ ಬಿಟ್ಟು ಹೋಗುವಾಗ ಎಸೆದ ಮಿಕ್ಸರ್, ಎಲ್ಲ ಒಂದೇ ಸಾಲಿನಲ್ಲಿ ಬಿಸಿಲು ಕಾಯುತ್ತ ಬಿದ್ದಿರುತ್ತಿದ್ದವು. ನನಗೆ ಬೇಕಾಗಿದ್ದುದು ಊರಿನ ಆಕಾಶವಾಣಿ ಹಿಡಿಯುವ ಒಂದು ರೇಡಿಯೋ. ಬೆಳಿಗ್ಗೆ ಕನ್ನಡ ವಾರ್ತೆ, ಸಂಜೆ ರೈತರಿಗೆ ಸಲಹೆ. ಹೊಲವಿಲ್ಲದವನಿಗೂ ದೂರದೇಶದಲ್ಲಿ ಕಡಲೆಗೆ ಹುಳ ಬಿದ್ದ ಸುದ್ದಿ ಕೇಳಿದರೆ ಒಂದು ಸಮಾಧಾನ. ಕೈಯಷ್ಟಗಲದ, ತುಂಬ ಗುಂಡಿಗಳಿದ್ದ, ರಬ್ಬರಿನ ಮೊಂಡು ಕೊಂಬಿದ್ದ ಒಂದು ಕಪ್ಪು ಡಬ್ಬಿ ಕಣ್ಣಿಗೆ ಬಿತ್ತು.

"ಭಾಯಿ, ಇದರಲ್ಲಿ ಇಂಡಿಯಾ ಬರ್ತದಾ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

"ಸಬ್ ಆಯೇಗಾ" ಎಂದ ಮಾರುವವನು. ಅವನು ಹೇಳಿದ್ದು ಸುಳ್ಳಲ್ಲ. ಎಲ್ಲವೂ ಬಂತು, ಆಕಾಶವಾಣಿ ಒಂದನ್ನು ಬಿಟ್ಟು.

ಮನೆಗೆ ತಂದು ಹಚ್ಚಿದರೆ ಬರೀ ಗೊರಗೊರ ಸದ್ದು. ಪರದೆಯ ಮೇಲೆ ಅಂಕಿಗಳು ಒಂದರ ಹಿಂದೆ ಒಂದು ಓಡುತ್ತಿದ್ದವು, ಯಾವುದನ್ನೋ ಹುಡುಕುವಂತೆ. ಇದ್ದಕ್ಕಿದ್ದಂತೆ ಅಂಕಿ ನಿಂತಿತು. ಒಬ್ಬ ಗಂಡಸು ಇಂಗ್ಲಿಷಿನಲ್ಲಿ ತಾನು ಮೂವತ್ತು ಸಾವಿರ ಅಡಿ ಎತ್ತರದಲ್ಲಿದ್ದೇನೆಂದು ಹೇಳಿ ಸುಮ್ಮನಾದ. ಇನ್ನೊಬ್ಬ ಅವನಿಗೆ ಸಲಾಮ್ ಹೇಳಿ, ಕೆಳಗಿಳಿ ಎಂದ. ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು.

"ಇದು ಆಕಾಶವಾಣಿನಽ ಬಿಡ್ರಿ" ಎಂದಳು ಹೆಂಡತಿ. "ಆಕಾಶದಾಗಿನವರಽ ಮಾತಾಡಾಕತ್ತಾರ."

ಅಂಥ ಯಂತ್ರಕ್ಕೆ ಸ್ಕ್ಯಾನರ್ ಎನ್ನುತ್ತಾರೆಂದು ನನಗೆ ಹೇಳಿದವನು ಕೆಳಗಿನ ಬಕಾಲಾದ ಯಜಮಾನ. ಮಂಗಳೂರಿನ ಕಡೆಯ ಬ್ಯಾರಿ, ಮೊಸರಿನಿಂದ ಫೋನ್ ಕಾರ್ಡಿನವರೆಗೆ ಎಲ್ಲ ಮಾರುವ ಅಂಗಡಿಯವನು. ಮೊಸರು ತರಲು ಹೋದಾಗ ಬಾಯಿತಪ್ಪಿ ಹೇಳಿಬಿಟ್ಟೆ. ಅವತ್ತಿನಿಂದ ಅವನಿಗೆ ನನ್ನನ್ನು ಕಂಡರೆ ಹಬ್ಬ.

"ಎಂತ ಸಾರ್, ಇವತ್ತು ಎಷ್ಟು ವಿಮಾನ ಇಳಿಸಿದ್ರಿ?"

"ಮೆಲ್ಲಗೆ ಮಾತಾಡಿ" ಎಂದೆ. "ಇದಕ್ಕೆ ಪರ್ಮಿಟ್ ಬೇಕೋ ಏನೋ."

"ಬೇಕಿದ್ರೆ ಕೇಳಿ ನೋಡಿ. ಸ್ಟೇಷನ್ ಇಲ್ಲೇ ಹಿಂದೆ ಉಂಟಲ್ಲ."

ಪರ್ಮಿಟ್ ಬೇಕೋ ಬೇಡವೋ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿ ತಿಳಿಯುವಷ್ಟು ಧೈರ್ಯವಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಹಾಗಾಗಿ ಕೇಳುವುದು ಮುಗಿದ ಮೇಲೆ ಸ್ಕ್ಯಾನರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯೊಳಗೆ ಹುಗಿದಿಡುತ್ತಿದ್ದೆ. ಕುವೈತಿನ ಪೊಲೀಸರು ಮನೆ ಜಾಲಾಡಿದರೂ ಜೋಳದ ಹಿಟ್ಟಿಗೆ ಕೈ ಹಾಕಲಾರರು ಎಂಬುದು ನನ್ನ ಲೆಕ್ಕ. ಚೀಲಕ್ಕೆ ಎಲ್ಲೋ ತೂತು ಬಿದ್ದಿತ್ತು. ದಿನ ಕಳೆದಂತೆ ಗುಂಡಿಗಳ ಸಂದಿಯಲ್ಲೆಲ್ಲ ಹಿಟ್ಟು ಸೇರಿ, ಯಂತ್ರಕ್ಕೆ ಮುದುಕರ ಗಡ್ಡದಂತೆ ಒಂದು ಬಿಳಿಪು ಬಂತು. ಬೆಚ್ಚಗಾದಾಗ ರೊಟ್ಟಿಯ ವಾಸನೆ ಬರುತ್ತಿತ್ತು.

ಸಂಜೆ ಕೆಲಸ ಮುಗಿಸಿ ಬಂದು, ಅಡುಗೆಮನೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಹೆಂಡತಿ ಪಲ್ಯಕ್ಕೆ ಹೆಚ್ಚುತ್ತಿರುವಾಗ ಗಗನದ ಮಾತು ಕೇಳುವುದು ನಮ್ಮ ಮನೆಯ ಪದ್ಧತಿಯಾಯಿತು. ಟಿವಿಗಿಂತ ಇದು ವಾಸಿ ಎಂದು ಅವಳಿಗೂ ಅನಿಸಿತ್ತು. ಪ್ರಯಾಣಿಕರ ವಿಮಾನದವರು ಮೆತ್ತಗೆ, ಬ್ಯಾಂಕಿನ ಕೌಂಟರಿನವರಂತೆ ಮಾತಾಡುತ್ತಿದ್ದರು. ಅಂಕಿಗಳು ಇನ್ನೊಂದು ಕಡೆಗೆ ಓಡಿ ನಿಂತರೆ ಮಿಲಿಟರಿಯವರು. ಯುದ್ಧ ಮುಗಿದು ವರ್ಷಗಳಾಗಿದ್ದರೂ ಮರುಭೂಮಿಯ ನೆಲೆಗಳಿಂದ ಅಮೆರಿಕದ ವಿಮಾನಗಳು ಏರುತ್ತ ಇಳಿಯುತ್ತ ಇದ್ದವು. ಅವರ ಮಾತು ನುಚ್ಚು ನುಚ್ಚು, ಹತ್ತರಲ್ಲಿ ಎರಡು ನನಗೆ ತಿಳಿದರೆ ಹೆಚ್ಚು. ಒಮ್ಮೆ ಒಬ್ಬ ಗಂಭೀರವಾಗಿ "ಬಿಂಗೋ" ಎಂದ. ಇಲ್ಲಿಯ ಭಾರತೀಯ ಸಂಘಗಳ ಕೂಟಗಳಲ್ಲಿ ಬಿಂಗೋ ಎಂದೂ ಕರೆಯುವ ತಂಬೋಲಾ ಆಡಿ ಆಡಿ ಸಾಕಾಗಿದ್ದ ನನಗೆ, ಅಷ್ಟೆತ್ತರದಲ್ಲೂ ಇವರು ತಂಬೋಲಾ ಬಿಟ್ಟಿಲ್ಲವಲ್ಲ ಎಂದು ನಗು ಬಂತು. ಇಂಧನ ಮುಗಿಯುತ್ತ ಬಂತು, ಮನೆಗೆ ಮರಳಬೇಕು ಎಂಬುದಕ್ಕೆ ಅವರು ಹಾಗೆನ್ನುತ್ತಾರೆಂದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ನಾನು ನಕ್ಕಾಗ ಆ ಹುಡುಗ ಎಲ್ಲಿದ್ದನೋ, ಇಳಿದನೋ ಇಲ್ಲವೋ.

ಹೆಂಡತಿಯ ಕೇಳಿಕೆಯೇ ಬೇರೆ. "ಸ್ಟ್ಯಾಂಡ್ ಬೈ" ಎಂದರೆ ಸ್ವಲ್ಪ ತಡಿ ಎಂದು. ಅವಳಿಗೆ ಮಾತ್ರ ಅದು ಕೊನೆಯವರೆಗೂ ಒಬ್ಬ ಹೆಂಗಸು. ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಬಾಯಿ ಎನ್ನುವುದುಂಟಲ್ಲ, ಹಾಗೆ. "ಪಾಪ, ಆ ಸ್ಟ್ಯಾಂಡ್‌ಬಾಯಿಗೆ ಒಂದು ಗಳಿಗಿ ಕೂಡಾಕ ಬಿಡೂದಿಲ್ಲ ನೋಡ್ರಿ. ಎಲ್ಲಾರೂ ಅಕಿನ್ನಽ ಕರೀತಾರ" ಎನ್ನುತ್ತಿದ್ದಳು, ನಗದೆ. ಅವಳಿಗೆ ಸೇರದ ಸಂಗತಿ ಒಂದೇ: ಹೊರಡುವ ವಿಮಾನದವರು "ಗುಡ್ ಡೇ" ಎಂದು ಒಂದು ಮಾತೆಸೆದು ಮಾಯವಾಗುವುದು. ಮನೆ ಬಿಡುವವರು ಬರ್ತೀನಿ ಅನ್ನಬೇಕು, ಹೀಗೆ ಬಾಗಿಲು ಬಡಿದಂತೆ ಹೋಗಬಾರದು ಎಂದು ಅವಳ ವಾದ. ಅವರು ಅನ್ನದಿದ್ದರೆ ಅವರ ಪರವಾಗಿ ಇವಳೇ ಈರುಳ್ಳಿ ಹೆಚ್ಚುತ್ತ "ಬರ್ತೀವ್ರೀ" ಅಂದುಬಿಡುತ್ತಿದ್ದಳು. ಎಷ್ಟೋ ವಿಮಾನಗಳು ಹಾಗೆ ನಮ್ಮ ಅಡುಗೆಮನೆಯಿಂದ ಹೇಳಿಸಿಕೊಂಡು ಹೋಗಿವೆ.

ಮದುವೆಯಾಗಿ ಬಹಳ ವರ್ಷಗಳ ಮೇಲೆ, ಇನ್ನು ಆಗುವುದಿಲ್ಲ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಪ್ಪಿಕೊಂಡ ಮೇಲೆ, ಅವಳು ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮಲ್ಲಿ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಆದರೆ ಡಾಕ್ಟರು ರಕ್ತದೊತ್ತಡ ನೋಡಿ, ವಯಸ್ಸು ನೋಡಿ, ವಿಮಾನ ಖಲಾಸ್ ಎಂದುಬಿಟ್ಟರು. ಮಗಳು ತವರಿಗೆ ಹೋಗುವ ಹಾಗಿಲ್ಲ ಎಂದ ಮೇಲೆ ತವರೇ ವಿಮಾನ ಹತ್ತಿ ಬರಬೇಕಾಯಿತು. ಮಾವನವರು ನೆಲ ಬಿಟ್ಟು ಮೇಲೇಳುವವರಲ್ಲ. ಅತ್ತೆ ಮಾತ್ರ ಒಂದೇ ಮಾತಿಗೆ ಹೂಂ ಅಂದರು. ಸೊಲ್ಲಾಪುರದಾಚೆ ಒಬ್ಬರೇ ಹೋಗಿ ಗೊತ್ತಿಲ್ಲದವರು, ಕನ್ನಡ ಬಿಟ್ಟು ಇನ್ನೊಂದು ಭಾಷೆ ಬಾರದವರು. ನಮ್ಮ ಫೋನ್ ನಂಬರನ್ನು ಮಗಳು ಅವರಿಗೆ ಹಾಡಿನಂತೆ ಬಾಯಿಪಾಠ ಮಾಡಿಸಿದ್ದಳು. ಕುವೈತಿನಲ್ಲಿ ನಡೆಯುವ ಮೊಬೈಲು ಅವರ ಹತ್ತಿರ ಇರಲಿಲ್ಲ. ವಿಮಾನ ಎಲ್ಲಿದೆ ಎಂದು ತೋರಿಸುವ ಮೊಬೈಲು ನನ್ನ ಹತ್ತಿರವೂ ಇನ್ನೂ ಬಂದಿರಲಿಲ್ಲ.

ಹೆಂಡತಿಗೆ ಯಾವುದರ ಹೆದರಿಕೆಯೂ ಇರಲಿಲ್ಲ. "ಅವ್ವ ಬಂದ್ಲಂದ್ರ ಆತು" ಎಂಬ ಒಂದೇ ಮಾತು. ಅವ್ವ ಬರುವ ತನಕ ಹೆರಿಗೆಯೂ ಆಗುವುದಿಲ್ಲ, ಏನೂ ಆಗುವುದಿಲ್ಲ, ಹೊಟ್ಟೆಯೊಳಗಿನ ಕೂಸಿಗೆ ಹೇಳಿಟ್ಟಿದ್ದೇನೆ ಎಂಬ ಧಾಟಿ. ಆ ಧಾಟಿಯೇ ನನ್ನನ್ನು ಹೆಚ್ಚು ಹೆದರಿಸಿತು. ಅವ್ವ ಬಾರದಿದ್ದರೆ ಎಂಬ ಯೋಚನೆಗೆ ಆ ಮನೆಯಲ್ಲಿ ನಾನೊಬ್ಬನೇ ದಿಕ್ಕು.

ಆ ದಿನ ಮಧ್ಯಾಹ್ನ ಆಕಾಶಕ್ಕೆ ತೆಳ್ಳಗೆ ಧೂಳು ಹಿಡಿದಿತ್ತು, ಚಹಾ ಸೋಸಿದ ಬಟ್ಟೆಯಂತೆ. ರಜೆ ಹಾಕಿದ್ದೆ. ಬಕಾಲಾದವನು ಮೊಸರಿನ ಜೊತೆ ಬಿಟ್ಟಿಯಾಗಿ ಒಂದು ಮಾತು ಕೊಟ್ಟಿದ್ದ: "ಇವತ್ತು ಅತ್ತೆ ವಿಮಾನ ಅಲ್ವಾ? ಸರಿಯಾಗಿ ಇಳಿಸಿ ಮಾರಾಯ್ರೆ, ಹೆಣ್ಣು ಕೊಟ್ಟವರು." ಊಟ ಮಾಡಿದ ಶಾಸ್ತ್ರ ಮುಗಿಸಿ, ತಂತಿ ಹೊರಗೆ ಬಿಟ್ಟು, ಸ್ಕ್ಯಾನರಿನ ಹಿಟ್ಟು ಒರೆಸಿ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದೆ. ಹೆಂಡತಿ ಕುರ್ಚಿಯಲ್ಲಿ, ಕಾಲು ಇನ್ನೊಂದು ಕುರ್ಚಿಯ ಮೇಲೆ. ನಾನು ನಿಂತೇ ಇದ್ದೆ.

ವಿಮಾನದ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಉಚ್ಚರಿಸಿದ ದನಿ ಕೊನೆಗೂ ಬಂತು. ಇದೇ, ಇದೇ ಅದು ಎಂದೆ. ಹೆಂಡತಿ ನೆಟ್ಟಗೆ ಕೂತಳು. ಮಾತಾಡುತ್ತಿದ್ದವನು ವಿಮಾನ ನಡೆಸುವವನು, ಆದರೆ ಆ ಕ್ಷಣ ನಮಗೆ ಅತ್ತೆಯವರೇ ಮಾತಾಡಿದಂತೆ ಆಯಿತು. ಅವನು ಎತ್ತರ ಹೇಳಿದ, ಸಲಾಮ್ ಹೇಳಿದ. ಆಮೇಲೆ, ಹವಾಮಾನ ಹೇಳುವ ಅದೇ ತಣ್ಣನೆಯ ದನಿಯಲ್ಲಿ, ವಯಸ್ಸಾದ ಪ್ರಯಾಣಿಕರೊಬ್ಬರಿಗೆ ಹುಷಾರಿಲ್ಲ, ಕುಸಿದು ಬಿದ್ದಿದ್ದಾರೆ, ಬೇಗ ಇಳಿಯಲು ಅವಕಾಶ ಬೇಕು ಎಂದ.

ಕಂಪ್ರೆಸರ್ ಒಂದು ನಿಂತಾಗ ಕಾರ್ಖಾನೆಯಲ್ಲಿ ಒಂದು ಮೌನ ಬರುತ್ತದೆ. ಅದೇ ಮೌನ ನನ್ನ ಎದೆಯಲ್ಲಿ ಬಂತು.

"ಏನಂತ್ರೀ?" ಎಂದಳು ಹೆಂಡತಿ.

"ಗಾಳಿ ಹೆಂಗೈತಿ ಅಂತ ಕೇಳಾಕತ್ತಾನ" ಎಂದೆ.

ನಿಲ್ದಾಣದಲ್ಲಿ ಕೂತು ವಿಮಾನ ಇಳಿಸುವ ಕೆಳಗಿನವನು ಕೇಳಿದ: "ಸೋಲ್ಸ್ ಆನ್ ಬೋರ್ಡ್?"

ಈ ಮಾತನ್ನು ನಾನು ಹಿಂದೆ ಒಮ್ಮೆ ಮಾತ್ರ ಕೇಳಿದ್ದೆ. ವಿಮಾನ ತೊಂದರೆ ಹೇಳಿಕೊಂಡಾಗ ಒಳಗೆ ಒಟ್ಟು ಎಷ್ಟು ಜನ ಎಂದು ಕೇಳುವ ರೀತಿಯಂತೆ ಅದು. ಜನ ಎಂದು ಕೇಳಬಾರದೆ? ತಲೆ ಎಂದಾದರೂ ಕೇಳಬಾರದೆ?

"ಸೋಲ್ ಅಂದ್ರ ಆತ್ಮ ಅಲ್ಲೇನ್ರೀ?" ಎಂದಳು ಹೆಂಡತಿ. "ಆತ್ಮ ಅಂದ್ರ ಸತ್ತವರದ್ದಲ್ಲಾ?"

"ಆ ಸೋಲ್ ಅಲ್ಲ. ಬೂಟಿನ ಸೋಲ್" ಎಂದೆ. ಬಾಯಿಗೆ ಅದೇ ಬಂತು. "ಎಷ್ಟು ಜೋಡಿ ಬೂಟು ಅದಾವು ಅಂತ ಕೇಳತಾರ. ಭಾರದ ಲೆಕ್ಕಕ್ಕ."

"ನಮ್ಮವ್ವ ಚಪ್ಪಲಿ ಹಾಕ್ಕೊಂಡಾಳ" ಎಂದಳು.

ವಿಮಾನದವನು ಆತ್ಮಗಳ ಸಂಖ್ಯೆ ಹೇಳಿದ. ಕೆಳಗಿನವನು ರೋಗಿಯ ವಿವರ ಕೇಳಿದ. ಉತ್ತರ ಬರಬೇಕು ಎನ್ನುವಷ್ಟರಲ್ಲಿ ಸ್ಕ್ಯಾನರ್ ತನ್ನ ಸ್ವಭಾವದಂತೆ ಆ ಅಂಕಿ ಬಿಟ್ಟು ಮುಂದಕ್ಕೆ ಜಿಗಿಯಿತು. ಮಿಲಿಟರಿಯ ಹುಡುಗನೊಬ್ಬ ಬಂದು ಧೂಳಿನ ಬಗ್ಗೆ ಇನ್ನೊಬ್ಬನೊಂದಿಗೆ ಆರಾಮಾಗಿ ಹರಟತೊಡಗಿದ. ಒಂದೇ ಕಡೆ ನಿಲ್ಲಿಸುವ ಗುಂಡಿಯೊಂದಿದೆ, ಒತ್ತಿದೆ. ಅದು ಒಳಗೆ ಹೋಗಲಿಲ್ಲ. ಜೋಳದ ಹಿಟ್ಟು ಬೆವರಿನ ಕೈಗೆ ಕಲಸಿ, ಗಟ್ಟಿಯಾಗಿ, ಗುಂಡಿಯ ಸುತ್ತ ಗಾರೆಯಂತೆ ಕೂತಿತ್ತು. ಹೆಂಡತಿ ಕೂತಲ್ಲಿಂದಲೇ ತಲೆಯ ಪಿನ್ನೊಂದನ್ನು ತೆಗೆದು ಕೊಟ್ಟಳು. ಕೆದಕಿದೆ, ಊದಿದೆ, ದೇವರನ್ನು ನೆನೆದೆ. ದೇಶಕ್ಕೆ ದೇಶವೇ ಕಾಯುವಷ್ಟು ವಿಮಾನ ಇದ್ದವರು ಒಂದು ನಿಮಿಷ ಸುಮ್ಮನಿರಬಾರದೆ ಎಂದು ಆ ಹುಡುಗನಿಗೆ ಬೈದೆ. ಆ ಹೊತ್ತಿನಲ್ಲಿ ನಾನು ಅತ್ತೆಯವರನ್ನು ಏನೇನು ಮಾಡಿಬಿಟ್ಟೆನೆಂದು ಬರೆಯಲು ನಾಚಿಕೆಯಾಗುತ್ತದೆ. ಗದಗಿಗೆ ಫೋನ್ ಮಾಡಿ ಮಾವನವರಿಗೆ ಮೊದಲ ಮಾತು ಏನು ಹೇಳುವುದು ಎಂಬಲ್ಲಿಯವರೆಗೆ ಹೋಗಿದ್ದೆ. ಹೆಂಡತಿಗೆ ಹೇಳುವ ಮೊದಲ ಮಾತು ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ.

ಗುಂಡಿ ಟಕ್ಕೆಂದಿತು. ಹಳೆಯ ಅಂಕಿ ಮರಳಿ ಬಂತು. ವಿಮಾನದವನು ಎರಡನೆಯ ಸಲ ವಿವರ ಹೇಳುತ್ತಿದ್ದ: ರೋಗಿ ಗಂಡಸು, ಎಚ್ಚರವಾಗಿದ್ದಾರೆ, ಈಗ ಪರವಾಗಿಲ್ಲ, ಗಾಲಿಕುರ್ಚಿ ಬೇಕು, ಡಾಕ್ಟರು ಬೇಕು, ಜೊತೆಗೆ ಅವರ ಹೆಂಡತಿ ಇದ್ದಾರೆ.

ಗಂಡಸು. ಜೊತೆಗೆ ಹೆಂಡತಿ ಬೇರೆ ಇದ್ದಾರೆ.

ಆ ಮುದುಕರ ಬಗ್ಗೆ ಕನಿಕರ ಪಡಬೇಕಿತ್ತು, ಪಟ್ಟೆ ಕೂಡ, ಸ್ವಲ್ಪ ತಡವಾಗಿ. ಮೊದಲು ಮಾಡಿದ್ದು ತಲೆಯ ಪಿನ್ನನ್ನು ಹೆಂಡತಿಗೆ ಹಿಂದಿರುಗಿಸಿದ್ದು. ಹೆಂಡತಿಯ ಕಾಲಿದ್ದ ಕುರ್ಚಿಯ ಅಂಚಿನಲ್ಲಿ ಕೂತುಬಿಟ್ಟೆ.

"ಗಂಡಸಂತ" ಎಂದೆ.

"ಕೇಳಿಸ್ತು" ಎಂದಳು ಅವಳು. "ವಯಸ್ಸಾದವರು ಬಿದ್ದಾರ ಅಂದದ್ದೂ ಕೇಳಿಸಿತ್ತು. ನಾ ಅತ್ರ ನೀವು ಹೆದರತೀರಿ ಅಂತ ಸುಮ್ಮನಿದ್ದೆ." ಕಣ್ಣೊರೆಸಿಕೊಂಡಳು. ಆಮೇಲೆ, "ಬೂಟಿನ ಸೋಲಂತ" ಎಂದು ನಗಲು ಶುರು ಮಾಡಿದವಳು ಹೊಟ್ಟೆ ಹಿಡಿದುಕೊಂಡು, "ನಗಸಬ್ಯಾಡ್ರಿ, ಇಲ್ಲೇ ಆಗಿಬಿಡ್ತೈತಿ" ಎಂದಳು.

ವಿಮಾನ ಇಳಿಯಿತು. ಚಕ್ರ ನೆಲಕ್ಕೆ ತಾಗಿದ ಮೇಲೆ ಯಾವ ದಾರಿಯಲ್ಲಿ ತಿರುಗಬೇಕೆಂದು ಕೆಳಗಿನವನು ಹೇಳಿದ್ದು, ಇವನು ಒಪ್ಪಿದ್ದು, ಎಲ್ಲ ಕೇಳಿದೆವು. ನನ್ನ ಬದುಕಿನಲ್ಲಿ ಅಷ್ಟು ಹಗುರವಾದ ಹೊತ್ತು ಮತ್ತೊಂದು ನೆನಪಿಗೆ ಬರುವುದಿಲ್ಲ. ಹೆದರಬೇಕಾದ್ದಕ್ಕೆಲ್ಲ ಹೆದರಿ ಮುಗಿಸಿದ್ದೆ. ಇನ್ನು ಉಳಿದದ್ದು ಕುವೈತಿನ ವಿಮಾನ ನಿಲ್ದಾಣ, ಅದನ್ನು ನಾನು ಚೆನ್ನಾಗಿ ಬಲ್ಲೆ. ಮೊದಲು ವೀಸಾದ ಮೂಲಪ್ರತಿ ತೆಗೆಸುವ ಕೌಂಟರಿನ ಸಾಲು, ಆಮೇಲೆ ಮುದ್ರೆ ಹಾಕುವವನ ಸಾಲು, ಆಮೇಲೆ ಸಾಮಾನು. ಇಳಿದವರು ಹೊರಗೆ ಮುಖ ತೋರಿಸುವ ಹೊತ್ತಿಗೆ ಬಂದವರು ಕಾದು ಕಾದು ಒಣಗುವುದು ಇಲ್ಲಿಯ ವಾಡಿಕೆ. ನಿಲ್ದಾಣ ರಿಗ್ಗೈಯಿಂದ ದೂರವೂ ಅಲ್ಲ. ಹೀಗೆ ಲೆಕ್ಕ ಹಾಕಿ, ಚಹಾಕ್ಕೆ ಇಟ್ಟೆ. ಶುಂಠಿ ಜಜ್ಜಿ ಹಾಕಿದೆ. ಇಬ್ಬರೂ ಕಿಟಕಿಯ ಬಳಿ ಕೂತು ಕುಡಿದೆವು. ಚುರುಮುರಿ ಇತ್ತು, ಅದನ್ನೂ ತಿಂದೆವು. ಚಹಾ ಚೆನ್ನಾಗಿ ಆಗಿದೆ ಎನಿಸಿ ಇನ್ನೊಂದು ಸಲ ಮಾಡಿದೆ. ಆಮೇಲೆ ಆ ದೇಶದಲ್ಲೇ ಮೊದಲ ಸಲ ಎಂಬಂತೆ ಸಾವಕಾಶ ಗಡ್ಡ ಹೆರೆದುಕೊಂಡೆ.

ಕೆನ್ನೆಯ ಮೇಲೆ ಅರ್ಧ ನೊರೆ ಇರುವಾಗ ಫೋನ್ ಬಂತು. ಗೊತ್ತಿಲ್ಲದ ನಂಬರು.

"ನಮಸ್ಕಾರ್ರೀ. ನೀವು ಗದಗಿನವರ ಅಳಿಯಂದ್ರೇನು?" ಎಂದಿತು ಒಂದು ಗಂಡಸಿನ ದನಿ, ನಮ್ಮ ಕಡೆಯದೇ. "ನಿಮ್ಮ ಅತ್ತಿಯವರು ಇಲ್ಲೇ ಹೊರಗ ಕುಂತಾರ. ಆಗಳೇ ಬಂದಾರ. ನೀವು ದಾರ್ಯಾಗ ಅದೀರೇನು?"

ದಾರಿಯಲ್ಲೇ ಇದ್ದೇನೆ ಎಂದೆ. ಬಚ್ಚಲುಮನೆಯೂ ದಾರಿಯಲ್ಲೇ ಇದೆ, ಒಂದು ಲೆಕ್ಕದಲ್ಲಿ.

ನಿಲ್ದಾಣಕ್ಕೆ ಹೇಗೆ ಹೋದೆನೋ. ಒಳಗೆ ಓಡಿದರೆ, ಬಂದವರು ಹೊರಬರುವ ಬಾಗಿಲಿನ ಎದುರಿನ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಇಳಕಲ್ ಸೀರೆ, ಕಾಲ ಬಳಿ ಎರಡು ಸೂಟ್‌ಕೇಸು, ಕೈಯಲ್ಲಿ ಕಾಗದದ ಲೋಟದ ಚಹಾ. ಪಕ್ಕದಲ್ಲಿ ಗಾಲಿಕುರ್ಚಿ, ಅದರಲ್ಲಿ ಗಾಂಧಿ ಟೋಪಿಯ ಒಬ್ಬ ಮುದುಕರು. ಗಾಲಿಕುರ್ಚಿಯ ಹಿಂದೆ ನಿಂತವನು ಅವರ ಮಗ, ಫೋನ್ ಮಾಡಿದವನು. ಬಾಗಲಕೋಟೆಯವರು, ಅವನು ಇಲ್ಲಿ ಎಂಜಿನಿಯರ್, ತಂದೆ ಮೊದಲ ಸಲ ಬಂದಿದ್ದರು.

"ನಮ್ಮಪ್ಪಗ ಶುಗರ್ ಐತ್ರೀ" ಎಂದ ಮಗ. "ಊಟ ಬಿಟ್ಟು ಕುಂತು ವಿಮಾನದಾಗ ಕಣ್ಣು ಕತ್ತಲಿಟ್ಟು ಬಿದ್ದುಬಿಟ್ಟಾನ. ಬಾಜೂ ಕುಂತಿದ್ದ ನಿಮ್ಮ ಅತ್ತಿಯವರು ಬಾಯಾಗ ಬೆಲ್ಲ ಇಟ್ಟಾರ, ತಲಿ ಹಿಡಕೊಂಡಾರ. ಏರ್‌ಹೋಸ್ಟೆಸ್ ಬೆಂಗಳೂರಾಕಿ ಅಂತ. ಬಂದು ಇವರನ್ನ, ಅಮ್ಮಾ, ಇವರು ನಿಮಗೇನಾಗಬೇಕು ಅಂತ ಕೇಳ್ಯಾಳ. ಇವರು, ನಮ್ಮವರಽ ಅಂದಾರ."

ನಾನು ಅತ್ತೆಯವರನ್ನು ನೋಡಿದೆ.

"ಹೌದಲ್ರೀ" ಎಂದರು ಅವರು. "ಬಾಗಲಕೋಟಿ ಅಂದ್ರ ನಮ್ಮವರಽ ಅಲ್ಲೇನು?"

ಗದಗಿನಿಂದ ಹೊರಟವರಿಗೆ ಬಾಗಲಕೋಟೆಯವರು ನಮ್ಮವರೇ. ಆದರೆ ಬೆಂಗಳೂರಿನ ಹುಡುಗಿಯ ಎದುರು ವಯಸ್ಸಾದ ಹೆಂಗಸೊಬ್ಬಳು, ತೊಡೆಯ ಮೇಲೆ ಮುದುಕರ ತಲೆ ಇಟ್ಟುಕೊಂಡು, ನಮ್ಮವರು ಎಂದರೆ ಅವಳು ಇನ್ನೇನು ತಿಳಿಯಬೇಕು. ಅವಳು ಹೋಗಿ ವಿಮಾನ ನಡೆಸುವವನಿಗೆ ಹೇಳಿದಳು. ಅವನು ಇಡೀ ಆಕಾಶಕ್ಕೆ ಹೇಳಿದ. ಅದನ್ನು ಕೇಳಿ ನಾನು ಚಹಾಕ್ಕೆ ಇಟ್ಟೆ.

ಮುಂದಿನದು ಸುಲಭ. ಬಾಗಿಲು ತೆರೆದ ಕೂಡಲೇ ಗಾಲಿಕುರ್ಚಿ ಮೊದಲು, ಅದರ ಹಿಂದೆಯೇ ಮುದುಕರ ಹೆಂಡತಿ ಎಂದು ಅತ್ತೆ. ಡಾಕ್ಟರು ನೋಡಿ, ಭಯವಿಲ್ಲ ಎಂದು ಬಿಟ್ಟರಂತೆ. ಸಾಲುಗಳಿಗೆಲ್ಲ ಪಕ್ಕದ ದಾರಿ. ವೀಸಾದ ಕಾಗದ ತೆಗೆಸಿಕೊಟ್ಟವರು ಯಾರೋ, ಸಾಮಾನು ಎತ್ತಿಕೊಟ್ಟವರು ಯಾರೋ. ಮುದ್ರೆ ಹಾಕುವವನು ಎದ್ದು ನಿಂತು ಸಲಾಮ್ ಹೇಳಿದನಂತೆ. ಈ ದೇಶದ ಜನ ಎಷ್ಟು ಒಳ್ಳೆಯವರು, ನೀವು ಫೋನಿನಲ್ಲಿ ಸುಮ್ಮನೆ ಹೆದರಿಸಿದಿರಿ ಎಂದು ಅತ್ತೆ ನನ್ನನ್ನೇ ಆಕ್ಷೇಪಿಸಿದರು.

"ಊರಾಗ ನಮ್ಮಾಕಿಗೆ ಈ ಸುದ್ದಿ ಮುಟ್ಟಿಸಬ್ಯಾಡ್ರಿ" ಎಂದರು ಗಾಲಿಕುರ್ಚಿಯ ಮುದುಕರು, ಅಷ್ಟು ಹೊತ್ತಿನ ಮೇಲೆ ಮೊದಲ ಸಲ ಬಾಯಿ ತೆರೆದು. "ವಿಮಾನ ಹತ್ತಿ ಇಳಿಯೂದ್ರಾಗ ಒಂದು ಸಂಸಾರ ಆತು ಅಂದ್ರ ನನ್ನ ಮನಿಗೆ ಕರಕೊಳ್ಳೂದಿಲ್ಲ ಅಕಿ."

ಅತ್ತೆ ಸೆರಗು ಬಾಯಿಗೆ ಹಚ್ಚಿ ನಕ್ಕರು. ಆಮೇಲೆ ಚಹಾದ ಲೋಟ ಬೆಂಚಿನ ಮೇಲಿಟ್ಟು, ನನ್ನ ಮುಖವನ್ನು, ಒಂದು ಕೆನ್ನೆ ನುಣ್ಣಗೆ ಒಂದು ಕೆನ್ನೆ ಒರಟಾಗಿದ್ದುದನ್ನು, ಚೆನ್ನಾಗಿ ನೋಡಿದರು. ಕಿವಿಯ ಹಿಂದೆ ಉಳಿದಿದ್ದ ನೊರೆಯನ್ನೂ ನೋಡಿರಬೇಕು. ಮಗಳು ಹೇಗಿದ್ದಾಳೆ ಎಂದು ಕೇಳಿದರು. ನಗುತ್ತಿದ್ದಾಳೆ ಎಂದೆ.

"ಹಂಗಾರ ಆತು" ಎಂದು ಏಳುತ್ತ, ಮೆಲ್ಲಗೆ, ಅಳಿಯನ ಮನಸ್ಸು ನೋಯದಿರಲಿ ಎಂಬ ದನಿಯಲ್ಲಿ ಕೇಳಿದರು: "ವಿಮಾನ ಇಳಿದು ಭಾಳ ಹೊತ್ತಾತಲ್ರೀ ಅಳಿಯಂದ್ರ. ನಿಮಗ ಯಾರೂ ಹೇಳ್ಲಿಲ್ಲೇನು?"